ಹತ್ತು ವರ್ಷದ ಲೆಕ್ಕ, ಒಂದೇ ಹಾಳೆ: ನಿಮ್ಮೂರ ಸರ್ಕಾರಿ ಶಾಲೆಯ ಖರ್ಚನ್ನು ಓದುವ ಬಗೆ

ನಮ್ಮ ಮಂಡ್ಯ ಕಡೆ ಯಾರನ್ನೇ ಕೇಳಿ, ಹೋದ ವರ್ಷ ಎಕರೆಗೆ ಎಷ್ಟು ಟನ್ ಕಬ್ಬು ಬಂತು, ಕಟಾವಿನ ಕೂಲಿ ಎಷ್ಟಾಯಿತು, ಗೊಬ್ಬರದ ಮೂಟೆ ಎಷ್ಟಕ್ಕೆ ಏರಿತು ಅಂತ ಬಾಯಲ್ಲೇ ಹೇಳುತ್ತಾರೆ. ಮೂರು ವರ್ಷದ ಹಿಂದಿನದ್ದೂ ನೆನಪಿರುತ್ತದೆ. ಅವರ ಮಕ್ಕಳು ಓದುವ ಶಾಲೆಗೆ ಹೋದ ವರ್ಷ ಎಷ್ಟು ದುಡ್ಡು ಬಂತು, ಯಾವುದಕ್ಕೆ ಹೋಯಿತು ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯನಾದ ಮೊದಲ ವರ್ಷ ಸಭೆಯಲ್ಲಿ ಲೆಕ್ಕ ಓದಿದರು, ಟೀ ಬಂತು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದೆವು. "ಬಂದದ್ದೆಲ್ಲ ಖರ್ಚಾಯ್ತಲ್ಲ ಬುಡಣ್ಣ, ಇನ್ನೇನು ನೋಡದು" ಅಂದರು ಪಕ್ಕದಲ್ಲಿ ಕೂತಿದ್ದವರು.

ಒಂದು ವರ್ಷದ ಲೆಕ್ಕ ನೋಡಿದರೆ ಅವರ ಮಾತು ಸರಿಯೇ. ಬಂದದ್ದು ಇಷ್ಟು, ಹೋದದ್ದು ಇಷ್ಟು, ಎರಡೂ ಸಮ. ಆದರೆ ಹತ್ತು ವರ್ಷದ ಲೆಕ್ಕವನ್ನು ಪಕ್ಕ ಪಕ್ಕ ಇಟ್ಟಾಗ ಶಾಲೆ ಯಾವ ಕಡೆ ಜಾರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಕಾಮರ್ಸ್ ಓದಿರಬೇಕಾಗಿಲ್ಲ. ಒಂದು ದೊಡ್ಡ ಹಾಳೆ, ಒಂದು ಕ್ಯಾಲ್ಕುಲೇಟರ್, ಎರಡು ಶನಿವಾರದ ಮಧ್ಯಾಹ್ನ ಇದ್ದರೆ ಸಾಕು. ನಾವು ಮಾಡಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕಗಳನ್ನು ಹೊರಗೆ ತೆಗೆಸಿ

ಕರ್ನಾಟಕದಲ್ಲಿ ಎಸ್‌ಡಿಎಂಸಿ 2001ರಿಂದ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಂದಿರು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಬಳಕೆಯಾಯಿತು ಅಂತ ನೋಡುವುದು ಸಮಿತಿಯ ಕೆಲಸ ಅಂತ ಕಾಯ್ದೆಯಲ್ಲೇ ಬರೆದಿದೆ. ಹಾಗಾಗಿ ಲೆಕ್ಕ ಕೇಳಲು ಹಿಂಜರಿಯಬೇಡಿ. ಆದರೆ ಕೇಳುವ ರೀತಿ ಮುಖ್ಯ. "ಲೆಕ್ಕ ತೋರಿಸಿ" ಅಂತ ಎದ್ದು ನಿಂತರೆ ಯಾವ ಹೆಡ್‌ಮಾಸ್ಟರಿಗೂ ಬೇಜಾರಾಗುತ್ತದೆ. ನಾವು ಹೋಗಿ, "ಮೇಡಂ, ಮುಂದಿನ ವರ್ಷಕ್ಕೆ ಏನು ಬೇಕು ಅಂತ ಬರೆದು ಕೊಡೋಣ, ಅದಕ್ಕೆ ಹಳೇ ಲೆಕ್ಕ ಒಟ್ಟಿಗೆ ಕೂತು ನೋಡೋಣ" ಅಂದೆವು. ಅವರೇ ಬೀರುವಿನ ಬೀಗ ತೆಗೆದರು.

ಬೇಕಾದ್ದು ಇಷ್ಟು: ನಗದು ಪುಸ್ತಕ, ಖರ್ಚಿನ ಬಿಲ್ಲುಗಳಿರುವ ವೋಚರ್ ಫೈಲು, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಸಾಮಾನು ಬರೆದಿಡುವ ದಾಸ್ತಾನು ವಹಿ, ಸಮಿತಿಯ ನಡಾವಳಿ ಪುಸ್ತಕ, ಪ್ರತಿ ವರ್ಷದ ದಾಖಲಾತಿ ಸಂಖ್ಯೆ. ನಮ್ಮಲ್ಲಿ ಒಂದೆರಡು ವರ್ಷದ ವೋಚರ್‌ಗಳನ್ನು ಗೆದ್ದಲು ತಿಂದಿತ್ತು. ಆ ವರ್ಷಗಳ ಮನೆಗಳನ್ನು ಖಾಲಿ ಬಿಟ್ಟೆವು. ಅಂದಾಜಿನಲ್ಲಿ ತುಂಬಬೇಡಿ, ಆಮೇಲೆ ಯಾವುದು ನಿಜ ಯಾವುದು ಅಂದಾಜು ಅಂತ ನಿಮಗೇ ಗೊತ್ತಾಗುವುದಿಲ್ಲ.

ವರ್ಷ ಅಂದರೆ ಯಾವ ವರ್ಷ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಪಾಠದ ವರ್ಷ ಮೇ ಕೊನೆ ಅಥವಾ ಜೂನ್‌ಗೆ ಶುರುವಾಗುತ್ತದೆ, ಹಣದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಎರಡನ್ನೂ ಬೆರೆಸಿದರೆ ಒಂದು ವರ್ಷ ಡಬಲ್ ಖರ್ಚು, ಇನ್ನೊಂದು ವರ್ಷ ಏನೂ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಹಣದ ವರ್ಷವನ್ನೇ ಹಿಡಿಯಿರಿ.

ಹಾಳೆಯಲ್ಲಿ ಗೆರೆ ಎಳೆಯುವುದು

ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಖರ್ಚಿನ ಬಾಬತ್ತುಗಳು. ಬಾಬತ್ತು ಜಾಸ್ತಿ ಮಾಡಬೇಡಿ, ಏಳೆಂಟು ಸಾಕು. ನಾವು ಹಾಕಿದ್ದು: ಪಾಠದ ಸಾಮಗ್ರಿ, ಸ್ವಚ್ಛತೆ, ರಿಪೇರಿ, ಸುಣ್ಣಬಣ್ಣ, ನೀರು ಮತ್ತು ಕರೆಂಟು, ಹಬ್ಬ ಮತ್ತು ಸಮಾರಂಭ, ಕಚೇರಿ ಖರ್ಚು, ಇತರೆ. ಸುಣ್ಣಬಣ್ಣವನ್ನು ರಿಪೇರಿಯಿಂದ ಬೇರೆ ಮಾಡಿದ್ದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ. "ಇತರೆ" ಅನ್ನುವ ಸಾಲು ಯಾವುದಾದರೂ ವರ್ಷ ದೊಡ್ಡದಾದರೆ ಆ ವರ್ಷದ ವೋಚರ್‌ಗಳನ್ನು ಒಂದೊಂದಾಗಿ ಬಿಡಿಸಿ.

ಮೇಲ್ಗಡೆ ಮೂರು ಸಾಲು ಖಾಲಿ ಇಡಿ. ಒಂದರಲ್ಲಿ ಆ ವರ್ಷದ ಮಕ್ಕಳ ಸಂಖ್ಯೆ. ಇನ್ನೊಂದರಲ್ಲಿ ಖಾತೆಗೆ ಬಂದ ಹಣ. ಮೂರನೆಯದರಲ್ಲಿ ಹಣ ಬಂದ ತಾರೀಖು. ಈ ಮೂರನೆಯದನ್ನು ಯಾರೂ ಬರೆಯುವುದಿಲ್ಲ. ಹಣ ಆಗಸ್ಟಿನಲ್ಲಿ ಬಂದರೆ ಮಳೆಗಾಲದಲ್ಲೇ ಸೋರುವ ಸೂರು ನೋಡಬಹುದು. ಫೆಬ್ರವರಿ ಕೊನೆಗೆ ಬಂದರೆ ಮಾರ್ಚ್ 31ರೊಳಗೆ ಮುಗಿಸುವ ಅವಸರ. ಅಂಥ ವರ್ಷಗಳಲ್ಲಿ ಅಂಗಡಿಯಿಂದ ಬೇಗ ತಂದು ಮುಗಿಸಬಹುದಾದ ವಸ್ತುಗಳೇ ಜಾಸ್ತಿ ಇರುತ್ತವೆ, ಗಾರೆ ಕೆಲಸ ಕಡಿಮೆ ಇರುತ್ತದೆ. ನಿಮ್ಮ ಹಾಳೆಯಲ್ಲೂ ಇದು ಕಾಣುತ್ತದಾ ನೋಡಿ.

ಹಣ ಬರುವ ದಾರಿ ಎಲ್ಲಿ ತಿರುಗಿತು

ಹತ್ತು ವರ್ಷದ ಲೆಕ್ಕದಲ್ಲಿ ಎರಡು ಕಡೆ ದಾರಿ ತಿರುಗುತ್ತದೆ. ಅದನ್ನು ತಿಳಿಯದಿದ್ದರೆ ಹೋಲಿಕೆಯೇ ತಪ್ಪಾಗುತ್ತದೆ.

ಮೊದಲನೆಯದು 2018-19. ಅದಕ್ಕೆ ಮುಂಚೆ ಸರ್ವ ಶಿಕ್ಷಣ ಅಭಿಯಾನ ಅನ್ನುವ ಕೇಂದ್ರದ ಯೋಜನೆಯಲ್ಲಿ ಹಣ ಬಿಡಿ ಬಿಡಿಯಾಗಿ ಬರುತ್ತಿತ್ತು. ಕಿರಿಯ ಪ್ರಾಥಮಿಕಕ್ಕೆ ಶಾಲಾ ಅನುದಾನ 5,000 ರೂಪಾಯಿ, ಹಿರಿಯ ಪ್ರಾಥಮಿಕ ಹಂತಕ್ಕೆ 7,000. ನಿರ್ವಹಣೆಗೆ ಮೂರು ಕೊಠಡಿವರೆಗೆ 5,000, ಅದಕ್ಕಿಂತ ಜಾಸ್ತಿ ಇದ್ದರೆ 10,000. ಪಾಠೋಪಕರಣಕ್ಕೆ ಶಿಕ್ಷಕರೊಬ್ಬರಿಗೆ 500. ಒಂದರಿಂದ ಏಳನೇ ತರಗತಿವರೆಗಿನ, ನಾಲ್ಕು ಕೊಠಡಿಗಿಂತ ದೊಡ್ಡ, ಐದು ಜನ ಶಿಕ್ಷಕರಿರುವ ಶಾಲೆಗೆ ಲೆಕ್ಕ ಹಾಕಿ: ಎರಡೂ ಹಂತದ ಶಾಲಾ ಅನುದಾನ ಸೇರಿ 12,000, ನಿರ್ವಹಣೆಗೆ 10,000, ಪಾಠೋಪಕರಣಕ್ಕೆ 2,500. ಒಟ್ಟು 24,500.

2018-19ರಲ್ಲಿ ಅದರ ಜಾಗಕ್ಕೆ ಸಮಗ್ರ ಶಿಕ್ಷಣ ಅನ್ನುವ ಯೋಜನೆ ಬಂತು. ಬಿಡಿ ಅನುದಾನಗಳೆಲ್ಲ ಸೇರಿ ಒಂದೇ ಸಂಯುಕ್ತ ಶಾಲಾ ಅನುದಾನವಾಯಿತು. ಅದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಈಗಿನ ನಿಯಮದ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000, 251ರಿಂದ 1,000ಕ್ಕೆ 75,000, ಅದರ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಇದು ನಿಯಮದಲ್ಲಿರುವ ಮೊತ್ತ. ನಿಮ್ಮ ಕೈಗೆ ಎಷ್ಟು ಬಂತು, ಎಷ್ಟು ಕಂತಿನಲ್ಲಿ ಬಂತು ಅನ್ನುವುದನ್ನು ಖಾತೆ ನೋಡಿಯೇ ಬರೆಯಿರಿ.

ಎರಡನೆಯ ತಿರುವು 2021. ಆ ವರ್ಷ ಕೇಂದ್ರದ ಯೋಜನೆಗಳ ಹಣವನ್ನು ರಾಜ್ಯ ಮಟ್ಟದ ಒಂದೇ ಖಾತೆಯಲ್ಲಿ ಇಡುವ ಪದ್ಧತಿ ಬಂತು. ಶಾಲೆಯಂಥ ಕೆಳಗಿನವರಿಗೆ ಶೂನ್ಯ ಬಾಕಿಯ ಖಾತೆ, ಅಂದರೆ ಹಣ ಉಳಿಯದ ಖಾತೆ, ಮತ್ತು ಖರ್ಚಿನ ಮಿತಿ ಕೊಟ್ಟರು. ಮುಂಚೆ ಹಣ ಶಾಲೆಯ ಖಾತೆಗೇ ಬಂದು ಕೂರುತ್ತಿತ್ತು. ಹಾಗಾಗಿ 2021ರ ಹಿಂದಿನ ಪಾಸ್‌ಬುಕ್ಕಿನಲ್ಲಿ ಉಳಿಕೆ ಕಾಣುತ್ತದೆ, ಈಚೆಗೆ ಕಾಣುವುದಿಲ್ಲ. ಯಾರಾದರೂ "ಮೊದಲು ಖಾತೆಯಲ್ಲಿ ದುಡ್ಡಿರ್ತಿತ್ತು, ಈಗ ಏನಾಯ್ತು" ಅಂತ ಗುಮಾನಿಯಿಂದ ಕೇಳಿದರೆ, ಹೆಡ್‌ಮಾಸ್ಟರ್ ಮೇಲೆ ಅನುಮಾನ ಪಡುವ ಮುಂಚೆ ಇದನ್ನು ಹೇಳಿ. ನಮ್ಮ ಸಭೆಯಲ್ಲಿ ಇದೇ ಪ್ರಶ್ನೆಗೆ ಅರ್ಧ ಗಂಟೆ ಜಗಳ ನಡೆದಿತ್ತು. ಪಾಪ, ಮೇಡಂ ಕಣ್ಣಲ್ಲಿ ನೀರು ಬಂದಿತ್ತು.

ಕೊರೊನಾ ಕಾಲದ 2020-21 ಮತ್ತು 2021-22ನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. ಮುಚ್ಚಿದ್ದ ಶಾಲೆಯ ಖರ್ಚನ್ನು ತೆರೆದ ಶಾಲೆಯ ಖರ್ಚಿನ ಜೊತೆ ಹೋಲಿಸಿದರೆ ಏನೂ ಸಿಗುವುದಿಲ್ಲ.

ಮಕ್ಕಳ ಸಂಖ್ಯೆಯ ಮೆಟ್ಟಿಲು

ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು.

ಪ್ರತಿ ವರ್ಷದ ಒಟ್ಟು ಅನುದಾನವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಒಂದು ಉದಾಹರಣೆ ನೋಡೋಣ. ಶಾಲೆಯಲ್ಲಿ 104 ಮಕ್ಕಳಿದ್ದರೆ ಅನುದಾನ 50,000, ಮಗುವಿಗೆ ಸುಮಾರು 481 ರೂಪಾಯಿ. ಮುಂದಿನ ವರ್ಷ ಆರು ಮಕ್ಕಳು ಕಡಿಮೆಯಾಗಿ 98 ಆದರೆ ಅನುದಾನ 25,000, ಮಗುವಿಗೆ 255. ಹೋದದ್ದು ಆರು ಮಕ್ಕಳು, ಅನುದಾನ ಅರ್ಧಕ್ಕರ್ಧ ಇಳಿಯಿತು. ಕೆಳಗಿನ ಮೆಟ್ಟಿಲಲ್ಲೂ ಹೀಗೇ. 32 ಮಕ್ಕಳಿದ್ದಾಗ 25,000 ಸಿಗುವ ಶಾಲೆಗೆ 29 ಆದ ಕೂಡಲೇ 10,000.

ಆ ಆರು ಮಕ್ಕಳು ಹೋದರು ಅಂತ ಸೂರು ಚಿಕ್ಕದಾಗುತ್ತದಾ? ಕೊಠಡಿ ಅಷ್ಟೇ, ಕಿಟಕಿ ಅಷ್ಟೇ, ಶೌಚಾಲಯ ಅಷ್ಟೇ, ಗುಡಿಸಬೇಕಾದ ಅಂಗಳವೂ ಅಷ್ಟೇ. ಮಕ್ಕಳ ಜೊತೆ ಏರಿ ಇಳಿಯುವ ಖರ್ಚು ಯಾವುದು, ಕಟ್ಟಡದ ಜೊತೆ ನಿಂತೇ ಇರುವ ಖರ್ಚು ಯಾವುದು ಅಂತ ನಿಮ್ಮ ಹಾಳೆಯಲ್ಲಿ ಗುರುತು ಹಾಕಿ. ನಾವು ಗುರುತು ಹಾಕಿದಾಗ ಮಕ್ಕಳ ಜೊತೆ ಏರಿಳಿಯುವುದು ಸ್ವಲ್ಪವೇ ಅಂತ ಗೊತ್ತಾಯಿತು. ಸೀಮೆಸುಣ್ಣ, ಹಾಳೆ, ಸೋಪು, ಅಷ್ಟೇ. ಫಿನಾಯಿಲ್ ಕೂಡ ಶೌಚಾಲಯದ ಲೆಕ್ಕ, ಮಕ್ಕಳ ಲೆಕ್ಕ ಅಲ್ಲ.

ಹಾಗಾಗಿ ನಿಮ್ಮ ಶಾಲೆ ಯಾವುದಾದರೂ ಮೆಟ್ಟಿಲ ಅಂಚಿನಲ್ಲಿದ್ದರೆ, ಅಂದರೆ 105, 103, 101 ಹೀಗೆ ಇಳಿಯುತ್ತಿದ್ದರೆ, ಅದನ್ನು ಕೆಂಪು ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿ. ಎಲ್ಲಾ ಶಾಲೆಗಳ ಮಾಹಿತಿ ಸೇರಿಸುವ ಸರ್ಕಾರದ ಯುಡೈಸ್ ಪ್ಲಸ್ ಲೆಕ್ಕಕ್ಕೆ ಸೆಪ್ಟೆಂಬರ್ 30ರ ಸಂಖ್ಯೆಯೇ ಆಧಾರ. ಜೂನ್‌ನಲ್ಲೇ ಮನೆ ಮನೆಗೆ ಹೋಗಿ. ಆಲೆಮನೆ ಕೆಲಸಕ್ಕೆ, ಕಬ್ಬು ಕಡಿಯೋಕೆ ಬಂದು ಉಳಿದುಕೊಂಡ ಕುಟುಂಬದ ಮಕ್ಕಳು ಶಾಲೆಗೆ ಸೇರಿದ್ದಾರಾ ನೋಡಿ. ಸುಳ್ಳು ಹೆಸರು ಬರೆಸುವುದು ಬೇಡವೇ ಬೇಡ. ನಿಜವಾಗಿ ಊರಲ್ಲಿದ್ದು ಶಾಲೆಗೆ ಬರದ ಮಗು ಒಂದಾದರೂ ಇದ್ದೇ ಇರುತ್ತದೆ, ಆ ಮಗುವಿಗೆ ಶಾಲೆ ಸಿಗುವುದು ಎಲ್ಲಕ್ಕಿಂತ ದೊಡ್ಡದು.

ರೂಪಾಯಿಯ ಬೆಲೆ ಕಳೆಯಿರಿ

25,000 ರೂಪಾಯಿ 2018-19ರಲ್ಲೂ 25,000, 2023-24ರಲ್ಲೂ 25,000. ಕಾಗದದ ಮೇಲೆ ಖರ್ಚು ಬದಲಾಗಿಲ್ಲ. ಆದರೆ ಸಾಮಾನುಗಳ ಬೆಲೆ ಎಷ್ಟು ಏರಿತು ಅಂತ ತೋರಿಸುವ, 2012ನ್ನು 100 ಅಂತ ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2018-19ರಲ್ಲಿ ಸರಾಸರಿ ಸುಮಾರು 140 ಇತ್ತು, 2023-24ರಲ್ಲಿ ಸುಮಾರು 184. 25,000ವನ್ನು 140ರಿಂದ ಗುಣಿಸಿ 184ರಿಂದ ಭಾಗಿಸಿ. ಸುಮಾರು 19,000 ಬರುತ್ತದೆ. ಐದು ವರ್ಷದಲ್ಲಿ ಯಾರೂ ಆದೇಶ ಹೊರಡಿಸದೆ, ಯಾರೂ ಕಡಿತ ಮಾಡದೆ, ಸುಮಾರು 6,000 ರೂಪಾಯಿಯ ಸಾಮಾನು ಕೊಳ್ಳುವ ಶಕ್ತಿ ಹೋಯಿತು. ಮೇಲೆ ಹೇಳಿದ ಹಳೇ 24,500ರ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿದರೆ, 31ರಿಂದ ನೂರರೊಳಗೆ ಮಕ್ಕಳಿರುವ ಅಂಥ ಹಿರಿಯ ಪ್ರಾಥಮಿಕ ಶಾಲೆಗೆ ಹಳೇ ಕಾಲಕ್ಕೂ ಈಗಕ್ಕೂ ಹೆಚ್ಚಿದ್ದು 500 ರೂಪಾಯಿ.

ಸೂಚ್ಯಂಕದ ಲೆಕ್ಕ ಸಭೆಯಲ್ಲಿ ಎಲ್ಲರಿಗೂ ಹಿಡಿಸುವುದಿಲ್ಲ. ಅದಕ್ಕೆ ನಾವು ಇನ್ನೊಂದು ದಾರಿ ಹಿಡಿದೆವು. ವೋಚರ್ ಫೈಲಿನಲ್ಲೇ ಬೆಲೆಯ ಚರಿತ್ರೆ ಇರುತ್ತದೆ. ಪ್ರತಿ ವರ್ಷ ಕೊಂಡ ನಾಲ್ಕು ಸಾಮಾನು ಆರಿಸಿ: ಸೀಮೆಸುಣ್ಣದ ಡಬ್ಬ, ಐದು ಲೀಟರ್ ಫಿನಾಯಿಲ್, ತೆಂಗಿನ ಪೊರಕೆ, ಒಂದು ಮೂಟೆ ಸಿಮೆಂಟು. ವರ್ಷ ವರ್ಷ ಒಂದೊಂದರ ಬೆಲೆ ಬರೆಯಿರಿ. ಬಿಲ್ಲಿನ ಮೇಲಿರುವುದು ನಿಮ್ಮದೇ ಊರಿನ ಅಂಗಡಿಯ ಬೆಲೆ. ನಮ್ಮ ಸಮಿತಿಯಲ್ಲಿ ಒಬ್ಬರು ಅಕ್ಕ ಇದ್ದಾರೆ, ಅಕ್ಷರ ಓದಲು ಸ್ವಲ್ಪ ಕಷ್ಟ, ಅಂಕಿ ಚೆನ್ನಾಗಿ ಗೊತ್ತು. ಪೊರಕೆಯ ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಹೋದರು. "ಇದೇ ದುಡ್ಡಲ್ಲಿ ಆಗ ಮೂರು ಬತ್ತಿದ್ದೊ, ಈಗ ಒಂದೂವರೆ" ಅಂದರು. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು.

ಪುಸ್ತಕದಲ್ಲಿ ಬಾರದ ಹಣ

ಶಾಲೆಯ ಮೇಲೆ ಆಗುವ ಖರ್ಚಿನಲ್ಲಿ ಶಾಲೆಯ ನಗದು ಪುಸ್ತಕದಲ್ಲಿ ಕಾಣುವುದು ಬಹಳ ಸಣ್ಣ ಭಾಗ. ದೊಡ್ಡದು ಸಂಬಳ, ಅದು ಖಜಾನೆಯಿಂದ ನೇರ ಹೋಗುತ್ತದೆ. ರಾಜ್ಯದಲ್ಲಿ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್ 1ರಿಂದ ಬಂತು. ಹಾಗಾಗಿ ಶಿಕ್ಷಣಕ್ಕೆ ಬಜೆಟ್ ಹೆಚ್ಚಾಯಿತು ಅಂತ ಪೇಪರಿನಲ್ಲಿ ಓದಿ, ನಮ್ಮ ಶಾಲೆಗೆ ಏಕೆ ಹೆಚ್ಚು ಬಂದಿಲ್ಲ ಅಂತ ಕೇಳುವವರಿಗೆ ಈ ವ್ಯತ್ಯಾಸ ಹೇಳಬೇಕು. ಅತಿಥಿ ಶಿಕ್ಷಕರ ಗೌರವಧನವೂ ಬೇರೆ. ಪ್ರಾಥಮಿಕದಲ್ಲಿ ತಿಂಗಳಿಗೆ 10,000 ಇದ್ದದ್ದು 2025-26ರ ಬಜೆಟ್ಟಿನಲ್ಲಿ 2,000 ಹೆಚ್ಚಾಯಿತು. ಕಾಯಂ ಶಿಕ್ಷಕರು ನಿವೃತ್ತರಾಗಿ ಆ ಜಾಗಕ್ಕೆ ಅತಿಥಿ ಶಿಕ್ಷಕರು ಬಂದರೆ, ನಿಮ್ಮ ಶಾಲೆಯ ಮೇಲೆ ಸರ್ಕಾರದ ಖರ್ಚು ಇಳಿದಿದೆ ಅಂತಲೇ ಅರ್ಥ. ನಗದು ಪುಸ್ತಕದಲ್ಲಿ ಅದರ ಸುಳಿವೂ ಇರುವುದಿಲ್ಲ. ಅದಕ್ಕೆ ಹಾಳೆಯ ಕೆಳಗೆ ಕಾಯಂ ಎಷ್ಟು ಜನ, ಅತಿಥಿ ಎಷ್ಟು ಜನ ಅಂತ ವರ್ಷವಾರು ಒಂದು ಸಾಲು ಬರೆಯಿರಿ.

ಪುಸ್ತಕ, ಸಮವಸ್ತ್ರ, ಶೂ ಸಾಮಾನಾಗಿ ಬರುತ್ತವೆ. ಕಾಂಪೌಂಡು, ಶೌಚಾಲಯದಂಥ ಕೆಲಸ ಎಷ್ಟೋ ಕಡೆ ಪಂಚಾಯಿತಿಯ ನರೇಗಾ ಲೆಕ್ಕದಲ್ಲಿ ಆಗಿದೆ. ಹಳೇ ವಿದ್ಯಾರ್ಥಿಗಳು ಕೊಟ್ಟ ಫ್ಯಾನು, ಯಾರೋ ಪುಣ್ಯಾತ್ಮರು ಕೊಡಿಸಿದ ನೀರಿನ ಫಿಲ್ಟರು ದಾಸ್ತಾನು ವಹಿಯಲ್ಲಿ ಸಿಗುತ್ತವೆ. ಕರೆಂಟು ಮತ್ತು ನೀರಿನ ಸಾಲು 2023ರ ಸುಮಾರಿಗೆ ಇಳಿದಿದ್ದರೆ ಗಾಬರಿಯಾಗಬೇಡಿ. ಸರ್ಕಾರಿ ಶಾಲೆಗಳಿಗೆ ಎರಡೂ ಉಚಿತ ಅಂತ ಆ ವರ್ಷದ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಘೋಷಿಸಿದರು.

ಬಿಸಿಯೂಟಕ್ಕೆ ಬೇರೆ ಹಾಳೆ

ಅಕ್ಷರ ದಾಸೋಹದ ಲೆಕ್ಕವನ್ನು ಇದರಲ್ಲಿ ಬೆರೆಸಬೇಡಿ. ಅದು ದಿನ ದಿನದ ಹಾಜರಾತಿಯ ಲೆಕ್ಕ, ಅದರ ದರವನ್ನು ಆಗಾಗ ಪರಿಷ್ಕರಿಸುತ್ತಾರೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ಅಡುಗೆ ಸಾಮಗ್ರಿಯ ದರ 2022ರ ಅಕ್ಟೋಬರಿನಲ್ಲಿ 5.45 ರೂಪಾಯಿ, 2024ರ ಡಿಸೆಂಬರಿನಲ್ಲಿ 6.19, 2025ರ ಮೇನಲ್ಲಿ 6.78. 6ರಿಂದ 8ಕ್ಕೆ 8.17, 9.29, 10.17. ಅಕ್ಕಿ ಇದಕ್ಕೆ ಸೇರಿಲ್ಲ. 60 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ 327 ರೂಪಾಯಿ ಇದ್ದದ್ದು 407 ಆಯಿತು. ಬೇಳೆ, ಎಣ್ಣೆ ಸಾಮಾನಾಗಿ ಬಂದರೆ ಅಷ್ಟು ನಗದು ಕಡಿಮೆ. ತರಕಾರಿ, ಗ್ಯಾಸಿನ ಲೆಕ್ಕವನ್ನು ಅಡುಗೆಯವರ ಜೊತೆ ಕೂತು ನೋಡಿ, ಅವರಿಗೆ ಸಿಲಿಂಡರು ಎಷ್ಟು ದಿನ ಬರುತ್ತದೆ ಅಂತ ಪಕ್ಕಾ ಗೊತ್ತಿರುತ್ತದೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು, 2024ರಲ್ಲಿ ರಾಗಿ ಮಾಲ್ಟ್ ಬಂತು. ಹಾಲಿನ ಪುಡಿ ಬಿಟ್ಟಿ ಬಂದರೂ ಬಿಸಿ ಮಾಡೋಕೆ ಗ್ಯಾಸು ಬೇಕಲ್ವಾ?

ಖಾಲಿ ಇರುವ ಮನೆಗಳನ್ನು ಓದಿ

ಈಗ ಹಾಳೆ ತುಂಬಿದೆ. ಎಲ್ಲರ ಕಣ್ಣು ದೊಡ್ಡ ಅಂಕಿಯ ಕಡೆ ಹೋಗುತ್ತದೆ. ನೀವು ಸೊನ್ನೆಗಳನ್ನು ಹುಡುಕಿ.

ನಮ್ಮ ಹಾಳೆಯಲ್ಲಿ ಸುಣ್ಣಬಣ್ಣದ ಸಾಲು ಸುಮಾರು ಎಲ್ಲಾ ವರ್ಷವೂ ತುಂಬಿತ್ತು. ರಿಪೇರಿಯ ಸಾಲಿನಲ್ಲಿ ಸತತ ಐದು ವರ್ಷ ಸೊನ್ನೆ. ಹೆಂಚಿನ ಸೂರಿನ ಕೊಠಡಿಗೆ ಐದು ವರ್ಷದಲ್ಲಿ ಒಂದು ಹೆಂಚೂ ತಂದಿರಲಿಲ್ಲ. ನಮ್ಮೂರಲ್ಲಿ ಕೋತಿಗಳ ಕಾಟ ಜಾಸ್ತಿ, ಹೆಂಚು ಒಡೆಯದೆ ಇರುವ ವರ್ಷವೇ ಇಲ್ಲ. ಏಣಿ ಹಾಕಿ ಹತ್ತಿ ನೋಡಿದೆವು. ಒಡೆದ ಹೆಂಚಿನ ಕೆಳಗಿನ ಮರದ ಪಟ್ಟಿಯನ್ನು ಬೆರಳಿನಲ್ಲಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಉದುರಿತು. ಅದರ ಕೆಳಗೇ ಮೂರನೇ ತರಗತಿ ಮಕ್ಕಳ ಬೆಂಚು. ಗೋಡೆ ಮಾತ್ರ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೊದಲ ವರ್ಷವೇ ಹತ್ತಿಪ್ಪತ್ತು ಹೆಂಚು ಬದಲಿಸಿದ್ದರೆ ಒಂದು ದಿನದ ಕೂಲಿಯಲ್ಲಿ ಮುಗಿಯುತ್ತಿತ್ತು. ಈಗ ಪಟ್ಟಿ, ತೊಲೆ ಎರಡನ್ನೂ ಬದಲಿಸಬೇಕು, ಅಷ್ಟು ಹಣ ಶಾಲೆಯ ಅನುದಾನದಲ್ಲಿ ಇಲ್ಲ. ಆ ಐದು ವರ್ಷದ ನಡಾವಳಿಯಲ್ಲಿ ನನ್ನ ಸಹಿಯೂ ಇದೆ. ಅದು ನನಗೆ ಇವತ್ತಿಗೂ ನೋವು.

ಇದಕ್ಕೇ ಸುಣ್ಣಬಣ್ಣವನ್ನು ರಿಪೇರಿಯಿಂದ ಬೇರೆ ಬರೆಯಲು ಹೇಳಿದ್ದು. ಎರಡನ್ನೂ ಸೇರಿಸಿದ್ದರೆ ಆ ಐದು ಸೊನ್ನೆ ಕಾಣುತ್ತಲೇ ಇರಲಿಲ್ಲ.

ಸೊನ್ನೆಯ ಹಾಗೆ, ಮತ್ತೆ ಮತ್ತೆ ಬರುವ ಒಂದೇ ವಸ್ತುವನ್ನೂ ನೋಡಿ. ನಮ್ಮ ಶೌಚಾಲಯದ ನಲ್ಲಿಗೆ ಆರು ವರ್ಷದಲ್ಲಿ ನಾಲ್ಕು ವೋಚರ್ ಇತ್ತು. ಬೋರ್‌ವೆಲ್ಲಿನ ಗಡಸು ನೀರಿಗೆ ಅಗ್ಗದ ನಲ್ಲಿ ತಡೆಯುತ್ತಿರಲಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ಹಿತ್ತಾಳೆಯದ್ದು ಹಾಕಿಸಿದೆವು.

ಸಭೆಗೆ ಒಯ್ಯುವುದು

ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಮಾಡಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕೇಂದ್ರದ ಮಾದರಿ ನಿಯಮದ ಪ್ರಕಾರ ಅದು ಮೂರು ವರ್ಷದ ಯೋಜನೆ, ಹಣದ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ ತಯಾರಾಗಬೇಕು. ಅಂದರೆ ಡಿಸೆಂಬರ್ ಕೊನೆಯೊಳಗೆ. ಹಾಗಾಗಿ ಈ ಹಾಳೆಯ ಕೆಲಸಕ್ಕೆ ನವೆಂಬರ್ ಒಳ್ಳೇ ಕಾಲ.

ಬೇಡಿಕೆಯನ್ನು ಎರಡು ಗುಂಪು ಮಾಡಿ. ಶಾಲೆಯ ಅನುದಾನದಲ್ಲೇ ಆಗುವುದು ಒಂದು. ಪಂಚಾಯಿತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ದಾನಿಗಳ ಹತ್ತಿರ ಕೇಳಬೇಕಾದದ್ದು ಇನ್ನೊಂದು. ಕೇಳಲು ಹೋಗುವಾಗ ಹಾಳೆಯ ಒಂದು ಜೆರಾಕ್ಸ್ ಜೊತೆಗಿರಲಿ. "ನಮಗೆ ದುಡ್ಡು ಸಾಲುತ್ತಿಲ್ಲ" ಅಂದರೆ ಎಲ್ಲಾ ಊರಿನವರೂ ಹಾಗೇ ಅನ್ನುತ್ತಾರೆ. ಮಕ್ಕಳ ಸಂಖ್ಯೆ, ಬಂದ ಹಣ, ಸೋರುವ ಕೊಠಡಿಯ ಐದು ಸೊನ್ನೆ, ಇವನ್ನು ಒಂದೇ ಹಾಳೆಯಲ್ಲಿ ತೋರಿಸಿದಾಗ ನಮ್ಮ ಪಂಚಾಯಿತಿಯವರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅಂದಾಜು ಪಟ್ಟಿ ಮಾಡಿಸಲು ಅವತ್ತೇ ಒಪ್ಪಿದರು.

ಮೂಲ ಹಾಳೆಯನ್ನು ನಾವು ನಡಾವಳಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ್ದೇವೆ. ಬಲಗಡೆ ಮೂರು ವರ್ಷದ ಮನೆಗಳು ಖಾಲಿ ಇವೆ. ಏಪ್ರಿಲ್ ಮೊದಲ ವಾರ ಅದನ್ನು ತುಂಬುವ ಕೆಲಸ ಪೊರಕೆ ಲೆಕ್ಕ ಹೇಳಿದ ಅಕ್ಕನದು.